ಸೌದೆಗೆ ಇಳಿದವರು

ಜನವರಿ 11

ಅಳಿಯ ಮಹಾಶಯರಿಗೆ,

ನಾನಿಲ್ಲಿ ಅಕ್ಕನ ಮನೆಯ ಮಹಡಿಯಲ್ಲಿ ಇನ್ನೂ ಉಸಿರಾಡುತ್ತಿದ್ದೇನೆ. ನೀವಲ್ಲಿ ಸುಮ್ಮನಿರಲಾರದೆ ಹೊಸ ಯೋಜನೆ ಹೂಡಿದ್ದೀರಿ ಎಂದು ನಿಮ್ಮ ನಾಲ್ಕು ಪುಟದ ಕಾಗದದಿಂದ ತಿಳಿಯಿತು. ಸೌದೆ ಸೀಳುವ ಯಂತ್ರದ ಬಣ್ಣದ ಚಿತ್ರವೂ ಬಂತು. ಅದರಲ್ಲಿ ಬಿಳಿ ಅಂಗಿಯವನೊಬ್ಬ ನಗುನಗುತ್ತಾ ದಿಮ್ಮಿ ಸೀಳುತ್ತಿದ್ದಾನೆ. ಬಿಳಿ ಅಂಗಿ ತೊಟ್ಟು ಸೌದೆ ಸೀಳುವವನನ್ನು ಈ ಅರವತ್ತೇಳು ವರ್ಷದಲ್ಲಿ ನಾನು ಕಂಡಿಲ್ಲ. ನೀವು ಹತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಇದ್ದವರು, ಚಿತ್ರ ನೋಡಿ ಮಾಲು ಕೊಳ್ಳುವವರನ್ನು ದಿನಾ ಕಂಡಿರುತ್ತೀರಿ.

ಫೋನಿನಲ್ಲಿ ವಿವರವಾಗಿ ಹೇಳುತ್ತೇನೆ ಎಂದಿದ್ದೀರಿ. ಬೇಡ. ಮೂವತ್ತು ವರ್ಷ ಚೈನ್ ಸಾ ಪಕ್ಕದಲ್ಲಿ ಕಿವಿ ಇಟ್ಟವನು ನಾನು. ಫೋನಿನಲ್ಲಿ ನಿಮ್ಮ ಮಾತು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಎದುರಿಗೆ ಕೂತು ಹೇಳಿದರೂ ಹೆಚ್ಚುಕಮ್ಮಿ ಹಾಗೆಯೇ ಕೇಳುತ್ತಿತ್ತು ಅನ್ನಿ.

ಈಗ ವಿಷಯ. ಟ್ರೀ ಸರ್ಜರಿ ಎಂದು ಬೋರ್ಡು ಬರೆಸಿದವನು ನಾನು. ಅದಕ್ಕೆ ಮುಂಚೆ ಜನ ನನ್ನನ್ನು ಮರ ಕಡಿಯೋನು ಎಂದು ಕರೆಯುತ್ತಿದ್ದರು, ಬೋರ್ಡು ಏರಿದ ಮರುದಿನ ಸರ್ ಅಂದರು. ಮನೆಯ ಮೇಲೆ ವಾಲಿದ ಕೊಂಬೆ, ತಂತಿಗೆ ಸಿಕ್ಕಿಕೊಂಡ ಕೊಂಬೆ, ಒಣಗಿ ನೇತಾಡುವ ಕೊಂಬೆ, ಇವನ್ನು ಹಗ್ಗ ಕಟ್ಟಿಕೊಂಡು ಹತ್ತಿ ಮರ ಸಾಯದ ಹಾಗೆ ತೆಗೆಯುವುದು ನಮ್ಮ ಕಸುಬು. ಸರ್ಜನ್ ಆದವನು ಆಪರೇಷನ್ ಮಾಡಿ ತೆಗೆದದ್ದನ್ನು ಆಸ್ಪತ್ರೆ ಬಾಗಿಲಲ್ಲಿ ತಕ್ಕಡಿ ಇಟ್ಟುಕೊಂಡು ಮಾರುತ್ತಾನೆಯೇ?

ಒಂದು ಕೊಂಬೆಯನ್ನು ಎಷ್ಟು ಸಲ ಎತ್ತಬೇಕಾಗುತ್ತದೆ, ಯೋಚಿಸಿದ್ದೀರಾ? ನೆಲದಿಂದ ಲಾರಿಗೆ ಒಂದು ಸಲ. ಲಾರಿಯಿಂದ ಯಾರ್ಡಿಗೆ. ಯಾರ್ಡಿನಿಂದ ತುಂಡು ಮಾಡುವ ಅಡ್ಡೆಗೆ. ಅಲ್ಲಿಂದ ನಿಮ್ಮ ಬಿಳಿ ಅಂಗಿಯ ಯಂತ್ರಕ್ಕೆ. ಸೀಳಿದ್ದನ್ನು ಒಟ್ಟಬೇಕು. ಒಂದು ವರ್ಷ ಒಣಗುವ ತನಕ ಜಾಗ ಬಿಟ್ಟುಕೊಟ್ಟು ಅದರ ಮುಖ ನೋಡುತ್ತಾ ಕೂರಬೇಕು. ಗಿರಾಕಿ ಬಂದರೆ ಮತ್ತೆ ಲಾರಿಗೆ. ಅವನೋ, "ಸ್ವಲ್ಪ ಹಿತ್ತಿಲಲ್ಲಿ ಜೋಡಿಸಿಕೊಟ್ಟು ಹೋಗಿ" ಅನ್ನುತ್ತಾನೆ. ಏಳು ಸಲ ನಾವು ಎತ್ತಿದ್ದನ್ನು ಅವನು ಒಂದೇ ಸಲ ಒಲೆಗೆ ತುರುಕುತ್ತಾನೆ. ಈಗಿನ ಹಾಗೆ ಉದ್ದ ದಿಮ್ಮಿಯನ್ನೇ ಸೌದೆ ಡಿಪೋದವನಿಗೆ ಕೊಟ್ಟು ಕೈತೊಳೆದುಕೊಂಡರೆ ಎರಡು ಸಲ ಎತ್ತಿದರೆ ಮುಗಿಯಿತು. ಕಾಲೇಜಿನಲ್ಲಿ ಲಾ ಆಫ್ ಡಿಮಿನಿಷಿಂಗ್ ಏನೋ ಒಂದು ಓದಿದ್ದೆ. ಮಿಕ್ಕದ್ದು ಮರೆತಿದೆ, ಡಿಮಿನಿಷಿಂಗ್ ಮಾತ್ರ ನೆನಪಿದೆ. ನಿಮ್ಮ ಯೋಜನೆಗೆ ಅಷ್ಟು ಸಾಕು.

ಯಾರ್ಡು ಇನ್ನೂ ನನ್ನ ಹೆಸರಿನಲ್ಲಿದೆ. ಅಲ್ಲಿ ಶೆಡ್ಡು ಎತ್ತಲು, ಯಂತ್ರ ಕೂರಿಸಲು ನಾನು ಸಹಿ ಹಾಕುವುದಿಲ್ಲ. ಹಿಂದೆ ನಿಂತು ಓದುತ್ತಿರುವ ಅಕ್ಕ, "ಏನೋ ಅದು, ಅಳಿಯನಿಗೆ ಕಾಗದ ಬರೀತಿದ್ದೀಯೋ, ಕೊಡಲಿ ಮಸೀತಿದ್ದೀಯೋ?" ಅನ್ನುತ್ತಿದ್ದಾಳೆ. ಎರಡೂ.

ಚೂಟಿ ಯಾಕೆ ಅಪ್ಪನಿಗೆ ಒಂದು ಸಾಲೂ ಬರೆದಿಲ್ಲ? ಹೊತ್ತೆಲ್ಲಾ ಮರದ ಮೇಲೇ ಇರುತ್ತಾಳೋ?

ನಿಮ್ಮ ಮಾವ


ಜನವರಿ 24

ಪೂಜ್ಯ ಮಾವನವರಿಗೆ,

ನಿಮ್ಮ ಕಾಗದ ಓದಿದೆ. ಚಪ್ಪಲಿ ಅಂಗಡಿಯಲ್ಲಿ ಇದ್ದದ್ದು ಹತ್ತಲ್ಲ, ಎಂಟು ವರ್ಷ. ಹದಿನೈದು ಜೋಡಿ ಇಳಿಸಿ ನೋಡಿ ಒಂದೂ ಕೊಳ್ಳದೆ ಎದ್ದು ಹೋಗುವವರಿಗೂ ನಗುತ್ತಾ ಬಾಗಿಲು ತೆಗೆಯುವುದನ್ನು ಅಲ್ಲಿ ಕಲಿತೆ. ಆದ್ದರಿಂದ ಇನ್ನೊಮ್ಮೆ ಕೇಳುತ್ತೇನೆ.

ಏಳು ಸಲ ಎತ್ತಬೇಕು ಎಂದಿರಿ. ಯಂತ್ರವನ್ನು ಲಾರಿ ನಿಲ್ಲುವ ಜಾಗದ ಪಕ್ಕದಲ್ಲೇ ಇಟ್ಟು, ಸೀಳಿದ್ದು ನೇರವಾಗಿ ಬಲೆಚೀಲಕ್ಕೆ ಬೀಳುವಂತೆ ಮಾಡಿ, ಆ ಚೀಲದಲ್ಲೇ ಒಣಗಿಸಿ, ಚೀಲದಲ್ಲೇ ಮಾರಿದರೆ ನಾಲ್ಕಕ್ಕೆ ಇಳಿಯುತ್ತದೆ. ಡಿಪೋದವನು ಈಗ ದಪ್ಪ ದಿಮ್ಮಿ ಮಾತ್ರ ಆರಿಸಿಕೊಳ್ಳುತ್ತಾನೆ. ಗಂಟುಗಂಟಾದದ್ದು, ಡೊಂಕಾದದ್ದು ಎಲ್ಲ ನಮ್ಮ ತಲೆಗೇ. ಅದನ್ನು ಸುರಿಯಲು ಊರಾಚೆಗೆ ಹೋದರೆ ಅರ್ಧ ದಿನ ಕಳೆಯುತ್ತದೆ. ಬ್ರೆಡ್ಡು ಸುಡುವ ಭಟ್ಟಿಯವರು ಒಣಗಿದ ಸೌದೆ ವರ್ಷವಿಡೀ ಬೇಕು ಎಂದು ಎರಡು ಸಲ ಕೇಳಿದ್ದಾರೆ. ಗಾಳಿ ಜೋರಿದ್ದು ಮರ ಹತ್ತಲಾಗದ ದಿನಗಳೂ ಇರುತ್ತವಲ್ಲ, ಆಗ ಕೈಗೆ ಕೆಲಸ ಇರುತ್ತದೆ.

ಯಂತ್ರ ಹಳೆಯದು, ಮರದ ಮಿಲ್ಲಿನವರದು. ಮಾರ್ಚ್ ಕೊನೆಯವರೆಗೆ ನಮಗಾಗಿ ತೆಗೆದಿಡುತ್ತೇವೆ ಎಂದಿದ್ದಾರೆ. ಆಮೇಲೆ ಬೇರೆಯವರ ಪಾಲು. ನಿಮ್ಮ ಸಹಿ ಬೇಕಾದ ಕಾಗದ ಇದರ ಜೊತೆಗಿದೆ.

ಚೂಟಿ ಚೆನ್ನಾಗಿದ್ದಾಳೆ. ಕೆಲಸದಲ್ಲಿದ್ದಾಳೆ.

ನಿಮ್ಮ ಅಳಿಯ


ಫೆಬ್ರವರಿ 2

ಸೌದೆ ಸಾಹುಕಾರರಿಗೆ,

ಬಲೆಚೀಲ! ಸೌದೆಗೂ ಅಂಗಿ ತೊಡಿಸುವವರು ನೀವು. ನಾಳೆ ನಂಬರ್ ನೋಡಿ ಬೂಟೂ ಹಾಕುತ್ತೀರಿ.

ನಿಮಗೆ ತಿಳಿಯದ್ದೊಂದು ಹೇಳುತ್ತೇನೆ, ಫಾರ್ ಯುವರ್ ಕೈಂಡ್ ಇನ್ಫರ್ಮೇಶನ್. ಈ ಕಸುಬಿನಲ್ಲಿ ಸೌದೆಗೆ ಇಳಿಯುವುದು ಎಂದರೆ ಏನು ಗೊತ್ತೇ? ಹತ್ತಲು ಧೈರ್ಯ ಸತ್ತವನು ಮಾಡುವ ಕೆಲಸ ಅದು. ನಮ್ಮ ಕಾಲದಲ್ಲಿ ಉದ್ದಣ್ಣ ಅಂತ ಒಬ್ಬನಿದ್ದ. ಏಣಿ ಮುಟ್ಟದೆ ಅರವತ್ತು ಅಡಿ ಏರುತ್ತಿದ್ದವನು. ಒಂದು ಮುಂಜಾನೆ ಬೆಲ್ಟು ಬಿಗಿದುಕೊಂಡು ಬುಡದಲ್ಲೇ ನಿಂತುಬಿಟ್ಟ. ಇವತ್ತು ಮೈ ಸರಿಯಿಲ್ಲ ಅಂದ. ಮರುದಿನ ಹೊಟ್ಟೆನೋವು ಅಂದ. ವಾರ ಕಳೆಯುವುದರೊಳಗೆ ಡಿಪೋದಲ್ಲಿ ಸೌದೆ ಒಟ್ಟುತ್ತಿದ್ದ. ಲಾರಿ ಆ ದಾರಿಯಲ್ಲಿ ಹೋಗುವಾಗ ನಾವೆಲ್ಲ ಶಿಳ್ಳೆ ಹೊಡೆಯುತ್ತಿದ್ದೆವು. "ಉದ್ದಣ್ಣಾ, ಆ ರಾಶಿ ಮೇಲೆ ಹತ್ತಬೇಡ, ತಲೆ ಸುತ್ತೀತು!" ಅವನು ತಲೆ ಎತ್ತುತ್ತಿರಲಿಲ್ಲ. ಚೂಟಿ ಚಿಕ್ಕವಳಿದ್ದಾಗ ಗೋಡೆ ಹತ್ತಲು ಅಳುತ್ತಿದ್ದರೆ, "ಸೌದೆಗೆ ಹಾಕಿಬಿಡ್ತೀನಿ ನೋಡು" ಅನ್ನುತ್ತಿದ್ದೆ. ಪಟ್ಟಂತ ಹತ್ತುತ್ತಿದ್ದಳು.

ಇಷ್ಟೆತ್ತರ ಹತ್ತುವ ಹೆಂಡತಿಯನ್ನು ಕಟ್ಟಿಕೊಂಡು, ಕೆಳಗೆ ಹಗ್ಗ ಹಿಡಿಯುವುದೊಂದೇ ಕೆಲಸವಿದ್ದೂ, ಅದೂ ಸಾಕಾಗಿ ಸೌದೆ ಅಂಗಡಿಯ ಗಲ್ಲಾದಲ್ಲಿ ಕೂರುವ ಆಸೆ ಬಂದಿದೆ ನಿಮಗೆ. ನೆರಳಲ್ಲಿ ಕೂತು ಗಿರಾಕಿ ಕಾಯುವ ಚಟ ಎಂಟು ವರ್ಷದ್ದು, ಅಷ್ಟು ಬೇಗ ಬಿಡುತ್ತದೆಯೇ?

ಆದರೂ ನಾನು ಅನ್ಯಾಯದವನಲ್ಲ. ಕೊಂಬೆ ಮರಕ್ಕೆ ಅಂಟಿದ್ದ ಬುಡದ ತುಂಡು ಎರಡನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿ. ಸೀಳಲು ಅತಿ ಕಷ್ಟದ್ದು ಅದೇ ಭಾಗ. ಗಂಟು ನೋಡಿ, ನಿಮ್ಮ ಯಂತ್ರದ ಹಲ್ಲು ಎಷ್ಟು ದಿನಕ್ಕೆ ಉದುರುತ್ತದೆ ಎಂದು ಬರೆದು ಕಳಿಸುತ್ತೇನೆ. ಎವಿಡೆನ್ಸ್ ಇಲ್ಲದೆ ನಾನು ಯಾರನ್ನೂ ಬೈಯುವುದಿಲ್ಲ.

ಅಕ್ಕ ಈ ಕಾಗದ ಓದಿ, "ಆ ಹುಡುಗ ನಿನಗೇನೋ ಮಾಡಿದ್ದ ಪಾಪ?" ಎಂದಳು. ಹುಡುಗನಂತೆ, ಮೂವತ್ತೆಂಟು ವರ್ಷದ ಹುಡುಗ!

ಮಾವ


ಫೆಬ್ರವರಿ 13

ಮಾವನವರಿಗೆ,

ಬೆಳಗಿನ ಬಸ್ಸಿನಲ್ಲಿ ಎರಡು ತುಂಡು ಕಳಿಸಿದ್ದೇನೆ. ಗಾಳಿಮರದ್ದು, ಹೋದ ವಾರ ತೆಗೆದದ್ದು. ಗೋಣಿಯಲ್ಲಿ ಸುತ್ತಿದೆ, ಕಂಡಕ್ಟರನ್ನು ಕೇಳಿ ಇಳಿಸಿಕೊಳ್ಳಿ.

ಉದ್ದಣ್ಣನ ಕಥೆಯನ್ನು ನಾನು ಚೂಟಿಗೆ ಓದಿ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಕಾಗದ ಮೇಜಿನ ಮೇಲಿತ್ತು.

ಮಾರ್ಚ್ ದೂರವಿಲ್ಲ. ದಯವಿಟ್ಟು ಯೋಚಿಸಿ.

ಅಳಿಯ


ಫೆಬ್ರವರಿ 20

ಏನಯ್ಯಾ,

ಇನ್ನು ಮಹಾಶಯರೂ ಇಲ್ಲ, ಸಾಹುಕಾರರೂ ಇಲ್ಲ. ನನ್ನನ್ನು ಏನು ಅಂದುಕೊಂಡಿದ್ದೀಯ? ಕಿವಿ ಹೋಗಿದೆ, ಕಣ್ಣು ಹೋಗಿಲ್ಲ.

ನೀನು ಕಳಿಸಿದ ತುಂಡನ್ನು ಮೇಜಿನ ಮೇಲಿಟ್ಟುಕೊಂಡು ಎರಡು ದಿನ ನೋಡಿದೆ. ಚೂಟಿ ಎಡಗೈಯವಳು. ಅವಳಿಗೆ ಗರಗಸ ಹಿಡಿಯಲು ಕಲಿಸಿದವನು ನಾನು. ಕೊಂಬೆಯ ಕೆಳಗಿನಿಂದ ಮೊದಲು ಎರಡು ಬೆರಳು ಆಳ ಕೊಯ್ಯುತ್ತಾಳೆ, ಆಮೇಲೆ ಮೇಲಿನಿಂದ ಇಳಿಸುತ್ತಾಳೆ. ಕೊಂಬೆ ಬಿದ್ದರೆ ತೊಗಟೆ ಒಂದು ಎಳೆ ಹರಿಯುವುದಿಲ್ಲ. ಇದರಲ್ಲಿ ಕೆಳಗಿನ ಕೊಯ್ತವೇ ಇಲ್ಲ. ಅಂಗೈಯಗಲ ತೊಗಟೆ ಸಿಗಿದುಕೊಂಡು ಬಂದಿದೆ. ಗರಗಸದ ಹಲ್ಲಿನ ಗೀರೆಲ್ಲ ಬಲಗೈಯವನದು. ಯಾವನೋ ಒಬ್ಬ ಕಟುಕ ಹತ್ತಿ ಕಡಿದಿದ್ದಾನೆ. ಅಂದರೆ ನಮ್ಮ ಬೋರ್ಡಿನ ಹೆಸರಲ್ಲಿ ಆ ಮರ ಹತ್ತಿದ್ದು ನನ್ನ ಮಗಳಲ್ಲ.

ಈಗ ಎಲ್ಲ ಅರ್ಥವಾಯಿತು. ಅವಳನ್ನು ಮನೆಯಲ್ಲಿ ಕೂರಿಸಿದ್ದೀಯ. ಹೆಂಡತಿ ಮೇಲೆ, ತಾನು ಕೆಳಗೆ, ನೋಡಿದವರು ನಗುತ್ತಾರೆ ಎಂದು ನಾಚಿಕೆಯಾಯಿತೇನೋ. ಕೂಲಿಗೆ ಒಬ್ಬನನ್ನು ತಂದು, ಅವಳ ಕಸುಬು ಕಿತ್ತುಕೊಂಡು, ಯಾರ್ಡನ್ನು ಸೌದೆ ಅಂಗಡಿ ಮಾಡಿ ನೀನು ಧಣಿಯಾಗಬೇಕು, ಅಲ್ಲವೇ? ಕೆಲಸದಲ್ಲಿದ್ದಾಳಂತೆ! ಯಾವ ಕೆಲಸ, ಪಾತ್ರೆ ತೊಳೆಯುವುದೇ? ನನ್ನ ಹೆಂಡತಿ ಬದುಕಿದ್ದಿದ್ದರೆ ನಿನ್ನನ್ನು ಅದೇ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತಿದ್ದಳು.

ಹದಿನಾರು ವರ್ಷದ ಹಿಂದೆ ಈ ಬಲ ಮೊಣಕಾಲು ಕೈಕೊಟ್ಟು ಮರ ಬಿಡಿಸದಿದ್ದರೆ ಇವತ್ತೇ ಬಂದು ನಾನೇ ಹತ್ತಿ ತೋರಿಸುತ್ತಿದ್ದೆ.

ಅವಳ ಕೈಯಲ್ಲಿ ಒಂದು ಸಾಲು ಬರೆಸು. ಅಲ್ಲಿಯವರೆಗೆ ನಿನ್ನ ಕಾಗದ ಒಡೆಯುವುದಿಲ್ಲ.


ಫೆಬ್ರವರಿ 26

ಮಾವನವರಿಗೆ,

ಒಡೆಯುವುದಿಲ್ಲ ಎಂದಿದ್ದೀರಿ. ಆದ್ದರಿಂದ ಲಕೋಟೆಯ ಮೇಲೆ ಅತ್ತೆಯವರ ಹೆಸರು ಬರೆದಿದ್ದೇನೆ, ನಿಮ್ಮ ಅಕ್ಕ ಒಡೆಯುತ್ತಾರೆ. ಅವರಾದರೂ ನಿಮಗೆ ಓದಿಸಲಿ.

ಹೇಳುವುದಿಲ್ಲ ಎಂದು ಚೂಟಿಗೆ ಮಾತು ಕೊಟ್ಟಿದ್ದೆ. ಮುರಿಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ಆಸ್ಪತ್ರೆಯ ಹಿಂದಿನ ಮರ. ಹೊರಗೆ ಗಟ್ಟಿ ಕಾಣುತ್ತಿತ್ತು, ಒಳಗೆ ಟೊಳ್ಳು. ಅವಳು ಕೊಂಬೆ ಇಳಿಸುವಾಗ ಕಾಂಡವೇ ಸೀಳಿತು. ಹಗ್ಗ ಹಿಡಿದುಕೊಂಡಿತು, ಅವಳು ಬೀಳಲಿಲ್ಲ. ನಲವತ್ತು ಅಡಿ ಎತ್ತರದಲ್ಲಿ ಅರ್ಧ ಗಂಟೆ ನೇತಾಡುತ್ತಿದ್ದಳು, ನಾವು ಏಣಿ ತರುವ ತನಕ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಇಳಿದು ನೀರು ಕುಡಿದು, "ಸಾಮಾನು ಎತ್ತಿಡು, ನಾಳೆ ಬರೋಣ" ಎಂದಳು.

ಮರುದಿನ ಬೆಲ್ಟು ಬಿಗಿದು ಮೊದಲ ಕೊಂಬೆಯ ಮೇಲೆ ಕಾಲಿಟ್ಟು ಇಳಿದಳು. ಅದರ ಮರುದಿನವೂ. ಹೀಗೇ ನಾಲ್ಕು ತಿಂಗಳು. ಕೂಲಿಗೆ ಹತ್ತುವವನನ್ನು ಕರೆಸಿದ್ದು ಅವಳೇ. ಅವನು ತೊಗಟೆ ಹರಿದಾಗಲೆಲ್ಲ ಕೆಳಗೆ ನಿಂತು ಹಲ್ಲು ಕಚ್ಚುತ್ತಾಳೆ. ಕಸುಬು ಬಿಟ್ಟುಬಿಡು, ಬೇರೆ ಏನಾದರೂ ಮಾಡೋಣ ಎಂದೆ. "ಮರದ ವಾಸನೆ ಬಿಟ್ಟು ನಾನೆಲ್ಲಿಗೆ ಹೋಗಲಿ?" ಎಂದಳು. ಸೌದೆಯ ಯೋಚನೆ ನನ್ನದಲ್ಲ, ಅವಳದು. ಯಂತ್ರ ನೋಡಿಕೊಂಡು ಬಂದವಳೂ ಅವಳೇ, ಬಲೆಚೀಲವೂ ಅವಳದೇ. "ನಿನ್ನ ಹೆಸರಲ್ಲಿ ಕೇಳು. ಅಪ್ಪನ ಕೈಲಿ ಬೈಸ್ಕೊಳೋದು ನಿನಗೇನು ಹೊಸದಾ?" ಎಂದಳು. ಸರಿ ಎಂದೆ.

ಉದ್ದಣ್ಣನ ಕಥೆ ಬಂದ ದಿನ ಬೆಲ್ಟನ್ನು ಗೋಣಿಗೆ ತುಂಬಿ ಅಟ್ಟಕ್ಕೆ ಎಸೆದಳು. "ನೋಡಿದೆಯಾ, ಗೊತ್ತಾಗೋಕೆ ಮುಂಚೇನೇ ಶಿಳ್ಳೆ ಹೊಡೀತಿದ್ದಾರೆ" ಎಂದಳು.

ನನಗೆ ಏನು ಬೇಕಾದರೂ ಅನ್ನಿ. ಚಪ್ಪಲಿಯವನು, ನೆರಳಲ್ಲಿ ಕೂರುವವನು, ಎಲ್ಲ ಸರಿ. ಆದರೆ ಹೆದರಿದವನನ್ನು ಕಂಡು ಲಾರಿಯ ಮೇಲಿನಿಂದ ನಗುವುದು ದೊಡ್ಡ ಕಸುಬುದಾರಿಕೆ ಎಂದು ಅರವತ್ತೇಳನೆಯ ವಯಸ್ಸಿನಲ್ಲೂ ಕಾಗದದಲ್ಲಿ ಬರೆಯುತ್ತೀರಲ್ಲ, ಅಂಥವರಿಗೆ ನಮ್ಮ ಅಂಗಡಿಯಲ್ಲಿ ನಾನು ಬಾಗಿಲು ತೆಗೆಯುತ್ತಿರಲಿಲ್ಲ.

ಸಹಿ ಹಾಕದಿದ್ದರೆ ಬೇರೆ ಯಾರ್ಡು ಹುಡುಕುತ್ತೇವೆ. ಅದು ಸಿಗುವ ಹೊತ್ತಿಗೆ ಯಂತ್ರ ಹೋಗಿರುತ್ತದೆ. ಅವಳು ಇನ್ನೊಮ್ಮೆ ಎದ್ದು ನಿಲ್ಲುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.


ಮಾರ್ಚ್ 22

ಅಳಿಯಂದಿರೇ,

ಮೂರು ವಾರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಅಕ್ಕ, "ಕಾಗದ ಹರಿಯೋಕೆ ಇಷ್ಟು ಶಕ್ತಿ ಇದೆಯಲ್ಲ, ನಿಜ ಬರೆಯೋಕೆ ಎಷ್ಟು ಬೇಕು?" ಎಂದು ಕೆಳಗೆ ಹೋದಳು. ಅವಳಿಗೆ ಏನು ಗೊತ್ತೋ, ಎಷ್ಟು ಗೊತ್ತೋ. ಹೆಂಗಸರು ತಮ್ಮೊಳಗೆ ಮಾತಾಡಿಕೊಂಡಿರುತ್ತಾರೆ.

ಮೊದಲು ವ್ಯವಹಾರ. ಲೆಕ್ಕದಲ್ಲಿ ನಾನೇ ಸರಿ. ಮರ ಹತ್ತಿ ಬದುಕುವವರಿಗೆ ಸೌದೆ ಗಿಟ್ಟುವುದಿಲ್ಲ. ನಾಲ್ಕು ಸಲ ಎಂದು ನೀವು ಎಷ್ಟೇ ಹೇಳಿದರೂ ಐದನೆಯದು ಹೇಗಾದರೂ ಬಂದು ಸೇರುತ್ತದೆ. ಹಸಿಯದನ್ನು ಒಣಗಿದ್ದು ಎಂದು ಮಾರಿದ ದಿನ ಭಟ್ಟಿಯವನು ಮುಖಕ್ಕೆ ಎಸೆಯುತ್ತಾನೆ. ಹಳೇ ಬೇಲಿಯ ಮರದೊಳಗೆ ಮೊಳೆ ಇರುತ್ತದೆ, ಯಂತ್ರಕ್ಕೆ ಕೊಡುವ ಮುಂಚೆ ತಟ್ಟಿ ನೋಡಬೇಕು. ಗಾಳಿಮರವನ್ನು ಹಸಿ ಇರುವಾಗಲೇ ಸೀಳಿ, ಒಣಗಿದರೆ ಕಬ್ಬಿಣ. ನೋಡಿ, ಇದೆಲ್ಲ ನನಗೆ ಗೊತ್ತು.

ಇನ್ನೊಂದು ವಿಷಯ. ಇದು ಚೂಟಿಗೆ. ಮೇಜಿನ ಮೇಲೆ ಬಿಟ್ಟುಬಿಡಿ, ಓದಿಕೊಳ್ಳುತ್ತಾಳೆ.

ನನಗೆ ಆಗ ಐವತ್ತೊಂದು. ಶಾಲೆಯ ಹಿಂದಿನ ದೊಡ್ಡ ಮರ. ಏನೂ ಆಗಲಿಲ್ಲ. ಕೊಂಬೆ ಮುರಿಯಲಿಲ್ಲ, ಹಗ್ಗ ಜಾರಲಿಲ್ಲ, ಟೊಳ್ಳಿರಲಿಲ್ಲ. ಅದನ್ನು ಒತ್ತಿ ಹೇಳುತ್ತಿದ್ದೇನೆ, ಏನೂ ಆಗಲಿಲ್ಲ. ಕೆಳಗಿನ ಮನೆಯ ಹೆಂಗಸೊಬ್ಬಳು ದುಪ್ಪಟಿ ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು. ಅದು ಎಷ್ಟು ಚಿಕ್ಕದಾಗಿ ಕಂಡಿತು ಎಂದರೆ, ಕರವಸ್ತ್ರದ ಹಾಗೆ. ಅಷ್ಟೇ. ನನ್ನ ಕೈ ಕಾಂಡ ಬಿಡಲೊಲ್ಲದು. ಬಿಡು ಎಂದು ನನ್ನ ಕೈಗೆ ನಾನೇ ಬೈದೆ. ಸೊಂಟದ ಗರಗಸ ಬಡಬಡ ಕಾಂಡಕ್ಕೆ ಬಡಿಯುತ್ತಿತ್ತು, ನಡುಗುತ್ತಿದ್ದವನು ನಾನು. ಒಂದೊಂದೇ ಗೇಣು ಜಾರಿ ಇಳಿಯಲು ಊಟದ ಹೊತ್ತಾಯಿತು. ಬುಡದಲ್ಲಿ ಬುತ್ತಿ ಹಿಡಿದು ನನ್ನ ಹೆಂಡತಿ ನಿಂತಿದ್ದಳು. ಎಲ್ಲ ನೋಡಿದ್ದಳು. ಆಳುಗಳು ಓಡಿಬಂದು, "ಏನಾಯ್ತು ಸರ್?" ಎಂದರು. ನಾನು, "ಕಾಲು" ಎಂದೆ. ಅವಳು ಬುತ್ತಿ ಕೆಳಗಿಟ್ಟು, ಸೆರಗಿನ ತುದಿ ಹರಿದು, ನನ್ನ ಮುಂದೆ ಮಂಡಿಯೂರಿ ಕೂತು, ಅವರಿಗೆ ಕೇಳದಷ್ಟು ಮೆಲ್ಲಗೆ "ಯಾವ ಕಾಲು?" ಎಂದಳು. ಬಲಗಾಲು ಎಂದೆ. ಕಟ್ಟಿದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ಸಾಯುವ ತನಕ.

ನನ್ನ ಮೊಣಕಾಲು ನೋಡಿದ ಡಾಕ್ಟರೇ ಇಲ್ಲ. ಅದು ಇವತ್ತಿಗೂ ಚೆನ್ನಾಗಿದೆ.

ಮರುವರ್ಷದಿಂದ ಚೂಟಿ ಹತ್ತಿದಳು. ನಾನು ನೆಲದ ಮೇಲೆ ನಿಂತು, ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಕೂಗುತ್ತಿದ್ದೆ. ಡಿಪೋದ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ, ಉದ್ದಣ್ಣ ತಲೆ ಎತ್ತಿ ನೋಡಿಬಿಟ್ಟರೆ ಎಂದು. ಅವನು ಸೌದೆಗೆ ಇಳಿದ, ಎಲ್ಲರೆದುರಿಗೆ. ನಾನು ಅಷ್ಟೂ ಮಾಡಲಿಲ್ಲ. ನನ್ನಂಥ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿದೆ, ಕಾಲೇಜಿನಲ್ಲಿ ಬಂದಿತ್ತು. ನೆನಪಾಗುವುದು ಬೇಡ.

ಅವಳು ಹತ್ತಬೇಕಾಗಿಲ್ಲ. ಯಾವತ್ತಾದರೂ ಹತ್ತಬೇಕು ಅನ್ನಿಸಿದರೆ ಅದು ಅವಳಿಷ್ಟ, ನಾನು ಕೂಗುವುದಿಲ್ಲ.

ಕಾಗದಕ್ಕೆ ಸಹಿ ಹಾಕಿದ್ದೇನೆ. ಮೂರು ಕಡೆ ಹಾಕಬೇಕಿತ್ತು, ಹಾಕಿದ್ದೇನೆ. ನಾಳೆ ಬೆಳಗಿನ ಬಸ್ಸಿನಲ್ಲಿ ನಿಮ್ಮ ಕೈ ಸೇರುತ್ತದೆ. ಲಾಭ ಬರುವುದಿಲ್ಲ, ಮತ್ತೆ ಹೇಳುತ್ತೇನೆ.

ಬಾಗಿಲಿನ ವಿಷಯ ಬರೆದಿರಲ್ಲ, ಚೆನ್ನಾಗಿ ಬರೆದಿರಿ. ನಿಮ್ಮ ಕೈಯಲ್ಲಿ ಅಂಥ ಸಾಲು ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಮಾವ


ಏಪ್ರಿಲ್ 3

ಮಾವನವರಿಗೆ,

ಯಂತ್ರ ಬಂತು. ಶೆಡ್ಡಿಗೆ ಕಂಬ ನೆಟ್ಟಾಯಿತು. ಭಟ್ಟಿಯವರು ಮೊದಲ ಚೀಲಗಳಿಗಾಗಿ ಕಾಯುತ್ತೇವೆ ಎಂದಿದ್ದಾರೆ.

ನಿಮ್ಮ ಕಾಗದ ಮೇಜಿನ ಮೇಲೆ ಬಿಟ್ಟು ನಾನು ಹೊರಗೆ ಹೋದೆ. ವಾಪಸು ಬಂದಾಗ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು, ಕಣ್ಣೀರು ಬರುವ ಹಾಗೆ. ಆಮೇಲೆ ಎರಡೂ ಒಟ್ಟಿಗೆ. "ಪೆನ್ನು ಕೊಡು" ಎಂದಳು. ಕೆಳಗಿನದು ಅವಳ ಕೈಬರಹ. ಒಂದು ಅಕ್ಷರವನ್ನೂ ನಾನು ತಿದ್ದಿಲ್ಲ.

ಅಪ್ಪಾ,

ನನ್ನ ಹದಿನೇಳನೇ ವಯಸ್ಸಿನಿಂದ ಮದುವೆ ಆಗೋ ತನಕ ದಿನಾ ಸಂಜೆ ನಿನ್ನ ಬಲಗಾಲಿಗೆ ಬಿಸಿ ಎಣ್ಣೆ ತಿಕ್ಕಿದೀನಿ. "ಇನ್ನೂ ಸ್ವಲ್ಪ ಮೇಲೆ, ಹಾಂ, ಅಲ್ಲೇ ನೋವು" ಅಂತಿದ್ದೆಯಲ್ಲಾ, ನಾಚಿಕೆ ಆಗಲ್ವಾ ನಿನಗೆ? ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಳ್ತಿದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಾನು ಕೆಮ್ಮು ಅಂದ್ಕೊಂಡಿದ್ದೆ.

ಇಬ್ಬರೂ ಸೇರಿ ಎಷ್ಟು ಎಣ್ಣೆ ಹಾಳು ಮಾಡಿದ್ರಿ!

ಶೆಡ್ಡಿಗೆ ಇನ್ನೂ ತಗಡು ಹೊದಿಸಿಲ್ಲ. ಹತ್ತು ಲಾರಿ ಕೊಂಬೆ ಸೀಳೋಕೆ ಬಿದ್ದಿದೆ, ನನ್ನ ಗಂಡನಿಗೆ ಸೊಂಟ ಹಿಡಿದಿದೆ. ನಿನ್ನ ಕಾಲು ಗಟ್ಟಿಯಾಗಿದೆ ಅಂತ ನೀನೇ ಬರೆದಿದ್ದೀಯ. ಸೋಮವಾರ ಬೆಳಗಿನ ಬಸ್ಸಿಗೆ ಬಾ. ಅತ್ತೆಗೂ ಹೇಳಿದೀನಿ, ನಿನ್ನ ಟ್ರಂಕು ಆಗಲೇ ಕೆಳಗೆ ಇಳಿಸಿರ್ತಾಳೆ.

ಚೂಟಿ